ಕೂದಲಿಗಿಂತ ಸಣ್ಣ ಬಿರುಕಿನ ಬೆಲೆ

ಬರೀ ಕೊರಿಯರ್ ಖರ್ಚೇ 24 ಕೋಟಿ ಡಾಲರ್. ಕೆಟ್ಟುಹೋದ ಆಟದ ಪೆಟ್ಟಿಗೆಗಳನ್ನು ಗಿರಾಕಿಗಳ ಮನೆಯಿಂದ ತರಿಸಿಕೊಳ್ಳಲು, ಸರಿಮಾಡಿ ಮತ್ತೆ ಅವರ ಬಾಗಿಲಿಗೆ ಮುಟ್ಟಿಸಲು ಫೆಡ್‌ಎಕ್ಸ್ ಕಂಪನಿಗೆ ತೆತ್ತ ಹಣ ಅದು. ಆಗ ಮೈಕ್ರೋಸಾಫ್ಟ್‌ನಲ್ಲಿ ಎಕ್ಸ್‌ಬಾಕ್ಸ್ ವ್ಯವಹಾರ ನೋಡಿಕೊಳ್ಳುತ್ತಿದ್ದ ಪೀಟರ್ ಮೂರ್ ಎಷ್ಟೋ ವರ್ಷಗಳ ಮೇಲೆ ಹೇಳಿದ ಲೆಕ್ಕ. ಪೂರ್ತಿ ರಿಪೇರಿಗೆ ಅವರು ಕಟ್ಟಿದ್ದ ಅಂದಾಜು 115 ಕೋಟಿ ಡಾಲರ್. 2007ರ ದರದಲ್ಲಿ ನಮ್ಮ ಸುಮಾರು 4,600 ಕೋಟಿ ರೂಪಾಯಿ. ಇಷ್ಟು ದುಡ್ಡನ್ನು ನುಂಗಿದ ಬಿರುಕು ಬರಿಗಣ್ಣಿಗೆ ಕಾಣುವಂಥದ್ದೇ ಅಲ್ಲ.

ಇರುವೆ ಆನೆಯ ಸೊಂಡಿಲು ಹೊಕ್ಕ ಕತೆ ಎಲ್ಲರಿಗೂ ಗೊತ್ತು. ಈ ಪ್ರಸಂಗದ ಪಕ್ಕದಲ್ಲಿಟ್ಟರೆ ಆ ಇರುವೆಯೇ ದೊಡ್ಡದು.

ಆ ಕೆಟ್ಟ ಪೆಟ್ಟಿಗೆ, ಎಕ್ಸ್‌ಬಾಕ್ಸ್ 360, ಹುಟ್ಟಿದ್ದೇ ಅವಸರದಲ್ಲಿ. 2001ರ ನವೆಂಬರ್‌ನಲ್ಲಿ ಬಂದ ಮೊದಲ ಎಕ್ಸ್‌ಬಾಕ್ಸ್ ಒಟ್ಟು ಮಾರಾಟವಾದದ್ದು ಸುಮಾರು 2.4 ಕೋಟಿ. ಎದುರಾಳಿ ಸೋನಿಯ ಪ್ಲೇಸ್ಟೇಷನ್ 2 ತನ್ನ ಆಯುಷ್ಯದಲ್ಲಿ 15 ಕೋಟಿ ದಾಟಿತು. ಮುಂದಿನ ಸುತ್ತಿನಲ್ಲಿ ಸೋನಿಗಿಂತ ಒಂದು ವರ್ಷ ಮೊದಲೇ ಅಂಗಡಿಗೆ ಇಳಿಯಬೇಕೆಂದು ಮೈಕ್ರೋಸಾಫ್ಟ್ ಪಟ್ಟುಹಿಡಿಯಿತು, ಇಳಿಯಿತು ಕೂಡ. 2005ರ ನವೆಂಬರ್ 22ಕ್ಕೆ ಅಮೆರಿಕ, ಡಿಸೆಂಬರ್ 2ಕ್ಕೆ ಯುರೋಪ್, ಡಿಸೆಂಬರ್ 10ಕ್ಕೆ ಜಪಾನ್. ಹದಿನೆಂಟು ದಿನಗಳಲ್ಲಿ ಮೂರು ಖಂಡ. ಅದುವರೆಗೆ ಆಟದ ಯಂತ್ರಗಳು ಒಂದು ದೇಶದಲ್ಲಿ ಬಿಡುಗಡೆಯಾಗಿ, ತಿಂಗಳುಗಟ್ಟಲೆ ಕಾಯಿಸಿ, ಆಮೇಲೆ ಇನ್ನೊಂದು ದೇಶ ಮುಟ್ಟುತ್ತಿದ್ದವು.

ಜನ ಅಂಗಡಿ ಮುಂದೆ ರಾತ್ರಿಯಿಡೀ ಸಾಲು ನಿಂತರು. ಮೊದಲ ವಾರದಲ್ಲೇ ಸುಮಾರು 40,000 ಪೆಟ್ಟಿಗೆಗಳು ಈಬೇಯಲ್ಲಿ ಮರುಮಾರಾಟಕ್ಕೆ ಕೂತವು. ವರ್ಷದ ಕೊನೆಗೆ 15 ಲಕ್ಷ ಪೆಟ್ಟಿಗೆ ಕಾರ್ಖಾನೆಯಿಂದ ಹೊರಬಿದ್ದಿದ್ದವು: ಉತ್ತರ ಅಮೆರಿಕಕ್ಕೆ 9 ಲಕ್ಷ, ಯುರೋಪಿಗೆ 5 ಲಕ್ಷ, ಜಪಾನಿಗೆ 1 ಲಕ್ಷ. ಬೆಲೆ 399 ಡಾಲರ್, ಕೆಲವು ಸವಲತ್ತು ಕಳೆದದ್ದಕ್ಕೆ 299. ಭಾರತಕ್ಕೆ ಬಂದದ್ದು 2006ರ ಸೆಪ್ಟೆಂಬರ್‌ನಲ್ಲಿ, 23,990 ರೂಪಾಯಿಗೆ.

ಆ ಪೆಟ್ಟಿಗೆಯೊಳಗೆ ಏನಿತ್ತು ಎನ್ನುವುದನ್ನು ನೋಡಿದರೆ ಅಷ್ಟು ಜನ ಯಾಕೆ ಸಾಲು ನಿಂತರೆಂದು ಅರ್ಥವಾಗುತ್ತದೆ. ಮುಖ್ಯ ಪ್ರೊಸೆಸರಿನಲ್ಲಿ 16.5 ಕೋಟಿ ಟ್ರಾನ್ಸಿಸ್ಟರು. ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್ಪಿನಲ್ಲಿ, ಅದರ ಒಡಹುಟ್ಟಿದ ಮೆಮರಿ ತುಣುಕೂ ಸೇರಿ, 33.7 ಕೋಟಿ. ಎರಡೂ ಸೇರಿದರೆ 50 ಕೋಟಿಗೆ ಮೇಲೆ. 1971ರಲ್ಲಿ ಇಂಟೆಲ್ ತಯಾರಿಸಿದ ಮೊದಲ ಮೈಕ್ರೋಪ್ರೊಸೆಸರಿನಲ್ಲಿ ಇದ್ದದ್ದು 2,300. 1976ರ ಕ್ರೇ-1 ಸೂಪರ್ ಕಂಪ್ಯೂಟರು ಸೆಕೆಂಡಿಗೆ ಹೆಚ್ಚೆಂದರೆ 16 ಕೋಟಿ ಲೆಕ್ಕ ಮಾಡುತ್ತಿತ್ತು. ಪ್ರಯೋಗಾಲಯಗಳು ಅದಕ್ಕಾಗಿ ಲಕ್ಷಗಟ್ಟಲೆ ಡಾಲರ್ ಸುರಿದು, ಕೋಣೆ ಕಟ್ಟಿ, ತಂಪು ಹಾಯಿಸಿ ಸಾಕುತ್ತಿದ್ದವು. ಎಕ್ಸ್‌ಬಾಕ್ಸಿನ ಗ್ರಾಫಿಕ್ಸ್ ಚಿಪ್ಪಿನ ಘೋಷಿತ ಶಕ್ತಿ ಸೆಕೆಂಡಿಗೆ 24,000 ಕೋಟಿ ಲೆಕ್ಕ. 1,500 ಕ್ರೇಗಳನ್ನು ಸಾಲಾಗಿ ನಿಲ್ಲಿಸಿದಷ್ಟು. ಅದನ್ನು ಹದಿಮೂರು ವರ್ಷದ ಹುಡುಗ ಟಿವಿ ಕೆಳಗಿನ ಗೂಡಿಗೆ ತುರುಕಿ, ಮೇಲೆ ನಾಲ್ಕು ಸಿಡಿ ಜೋಡಿಸಿಟ್ಟು ಆಡುತ್ತಿದ್ದ.

ಇಷ್ಟು ಲೆಕ್ಕ ಮಾಡಿದರೆ ಬಿಸಿ ಏರದೆ ಇರುತ್ತದೆಯೇ? ಮೊದಲ ಮಾದರಿಯ ಜೊತೆ ಬಂದ ವಿದ್ಯುತ್ ಇಟ್ಟಿಗೆಯ ಸಾಮರ್ಥ್ಯ 203 ವಾಟ್. ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ 60 ವಾಟಿನ ಬುರುಡೆ ಬಲ್ಬುಗಳು ಮೂರನ್ನು ಒಂದು ಪುಸ್ತಕದ ಗಾತ್ರದ ಡಬ್ಬಿಯಲ್ಲಿ ಮುಚ್ಚಿಟ್ಟ ಹಾಗೆ.

ಕೆಲವೇ ತಿಂಗಳಲ್ಲಿ ಕೆಂಪು ದೀಪ ಶುರುವಾಯಿತು.

ಪೆಟ್ಟಿಗೆಯ ಮುಂದೆ ಆನ್ ಮಾಡುವ ದುಂಡು ಗುಂಡಿ, ಅದರ ಸುತ್ತ ನಾಲ್ಕು ತುಂಡಿನ ಬೆಳಕಿನ ಬಳೆ. ಎಲ್ಲ ಸರಿಯಿದ್ದರೆ ಹಸಿರು. ಎರಡು ತುಂಡು ಕೆಂಪಾದರೆ ಬಿಸಿ ಹೆಚ್ಚಿದೆ, ನಾಲ್ಕೂ ಕೆಂಪಾದರೆ ಟಿವಿಯ ಕೇಬಲ್ ಸರಿ ಕೂತಿಲ್ಲ. ಮೂರು ತುಂಡು ಕೆಂಪಾಗಿ ಮಿಟುಕಿದರೆ ಯಂತ್ರದೊಳಗೇ ಕೆಟ್ಟಿದೆ ಎಂದು ಅರ್ಥ. ಆಟಗಾರರು ಇದಕ್ಕೆ ಸಾವಿನ ಕೆಂಪು ಬಳೆ ಎಂದು ಹೆಸರಿಟ್ಟರು. ಆ ಬಳೆಯ ಹಿಂದೆ ಇನ್ನೊಂದು ಗುಟ್ಟಿನ ಭಾಷೆಯೂ ಇತ್ತು. ಒಂದು ಗುಂಡಿ ಒತ್ತಿ ಹಿಡಿದು ಇನ್ನೊಂದನ್ನು ಒತ್ತಿದರೆ ದೀಪಗಳು ಒಂದೊಂದೇ ಅಂಕಿ ಹೇಳುತ್ತಿದ್ದವು: ಒಂದು ತುಂಡು ಹೊತ್ತಿದರೆ 1, ಎರಡಕ್ಕೆ 2, ಮೂರಕ್ಕೆ 3, ನಾಲ್ಕೂ ಹೊತ್ತಿದರೆ ಸೊನ್ನೆ. ಹತ್ತರ ಬದಲು ನಾಲ್ಕರ ಎಣಿಕೆ. ಹಾಗೆ ಮೂಡುವ 0102 ಎಂಬ ಸಂಖ್ಯೆ ಜಗತ್ತಿನ ಲಕ್ಷಾಂತರ ಹುಡುಗರಿಗೆ ಬಾಯಿಪಾಠವಾಯಿತು, ಊರಿನ ಪಿನ್‌ಕೋಡಿನ ಹಾಗೆ.

ಕಾರಣ ಏನು ಎನ್ನುವುದಕ್ಕೆ ಹೋಗುವ ಮೊದಲು ನಾನೇ ಕಣ್ಣಾರೆ ಕಂಡದ್ದೊಂದನ್ನು ಹೇಳಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮಹಡಿ ಮೇಲಿನ ಒಂದು ಪುಟ್ಟ ರಿಪೇರಿ ಅಂಗಡಿ. ಹುಡುಗನೊಬ್ಬ ಲ್ಯಾಪ್‌ಟಾಪಿನ ಬೋರ್ಡಿಗೆ ಹೀಟ್ ಗನ್ ಹಿಡಿದು, ಚಿಮುಟದಲ್ಲಿ ಚಿಪ್ಪನ್ನು ಮೆಲ್ಲಗೆ ಎತ್ತಿ ಬೋರಲು ಹಾಕಿದ. 'ಡ್ರೈ ಸೋಲ್ಡರ್ ಸಾರ್, ರೀಬಾಲಿಂಗ್ ಮಾಡ್ಬೇಕು' ಅಂದ. ಭೂತಗನ್ನಡಿ ನನ್ನ ಕೈಗೆ ಕೊಟ್ಟ. ಚಿಪ್ಪಿನ ಹೊಟ್ಟೆಯ ತುಂಬ ಬೆಸುಗೆಯ ಗುಂಡುಗಳು, ನೂರಾರು, ಗಸಗಸೆ ಕಾಳಿಗಿಂತ ಚಿಕ್ಕವು, ಸೈನಿಕರಂತೆ ಸಾಲಾಗಿ ನಿಂತಿದ್ದವು. ಅವನು ಒಂದು ಜರಡಿಯಂಥ ತಗಡನ್ನು ಮೇಲಿಟ್ಟು, ಹೊಸ ಗುಂಡುಗಳನ್ನು ರಾಗಿ ಚೆಲ್ಲಿದ ಹಾಗೆ ಚೆಲ್ಲಿ, ಒಂದೊಂದು ತೂತಿಗೆ ಒಂದೊಂದನ್ನು ಕುಂಚದಿಂದ ಕೂರಿಸಿದ. ಉಸಿರು ಬಿಗಿಹಿಡಿದು ನೋಡುವಂಥ ಕೆಲಸ. ಇವುಗಳಲ್ಲಿ ಒಂದು ಸೀಳಿದರೂ ಯಂತ್ರ ಸಾಯಬಹುದು.

ಎಕ್ಸ್‌ಬಾಕ್ಸಿನಲ್ಲಿ ಕೆಟ್ಟದ್ದೂ ಈ ಗುಂಡುಗಳೇ ಎಂದು ಎಲ್ಲರೂ ನಂಬಿದ್ದರು. ಜಗತ್ತಿನಾದ್ಯಂತ ಅಂಗಡಿಗಳಲ್ಲಿ ರೀಬಾಲಿಂಗ್ ನಡೆಯಿತು. ಕೆಲವರು ಚಿಪ್ಪನ್ನು ಒತ್ತಿಹಿಡಿಯುವ ಕ್ಲಿಪ್ಪು ಕಿತ್ತು ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ, ವಾಷರ್ ಹಾಕಿ ಬಿಗಿದರು. ಇನ್ನು ಕೆಲವರು ಪೆಟ್ಟಿಗೆಗೆ ಟವೆಲ್ ಸುತ್ತಿ, ಆನ್ ಮಾಡಿ, ಒಳಗಿನ ಬಿಸಿ ಒಳಗೇ ಕುದಿಯಲು ಬಿಟ್ಟರು. ಬೆಂಕಿಗೆ ಆಹ್ವಾನ ಕೊಡುವ ಕೆಲಸ ಅದು. ಸೀಸವಿಲ್ಲದ ಬೆಸುಗೆ ಕರಗಲು 217 ಡಿಗ್ರಿಗೆ ಮೇಲೆ ಶಾಖ ಬೇಕು. ಟವೆಲಿನೊಳಗೆ ಅದು ಕರಗುವುದಿಲ್ಲ. ಆದರೂ ಎಷ್ಟೋ ಯಂತ್ರಗಳು ಎದ್ದು ಕೂತವು, ನಾಲ್ಕು ದಿನ ಆಡಿಸಿದವು, ಮತ್ತೆ ಮಲಗಿದವು.

ನಿಜವಾದ ಬಿರುಕು ಇನ್ನೂ ಒಂದು ಹೆಜ್ಜೆ ಒಳಗಿತ್ತು. 2021ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಹೊರತಂದ ಸಾಕ್ಷ್ಯಚಿತ್ರ ಸರಣಿಯಲ್ಲಿ ಅದರ ಎಂಜಿನಿಯರುಗಳು ಇದನ್ನು ಬಾಯಿಬಿಟ್ಟು ಹೇಳಿದರು. ಬೋರ್ಡಿಗೂ ಚಿಪ್ಪಿಗೂ ನಡುವಿನ ಗುಂಡುಗಳದ್ದಲ್ಲ ತೊಂದರೆ. ಚಿಪ್ಪಿನ ಹೊದಿಕೆಯ ಒಳಗೆ ಇರುವ ಜೋಡಣೆಗಳು ಮುರಿಯುತ್ತಿದ್ದವು. ಸಿಲಿಕಾನ್ ತುಣುಕನ್ನು ಅದರ ತಳಪಟ್ಟಿಗೆ ಹಿಡಿದಿಡುವ ಇಂಥ ಬಂಪುಗಳು ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುತ್ತವೆ, ಸುಮಾರು ಒಂದೂವರೆ ತಲೆಗೂದಲಿನ ದಪ್ಪ. ಅವನ್ನು ಮುರಿದದ್ದು ಬರೀ ಬಿಸಿಯಲ್ಲ, ಬಿಸಿಯಾಗಿ ತಣಿದು ಮತ್ತೆ ಬಿಸಿಯಾಗುವ ಓಡಾಟ.

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಟ್ಟಿಯನ್ನು ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ, ಮರದ ಚಕ್ರದ ಮೇಲೆ ಸಲೀಸಾಗಿ ಕೂರುತ್ತದೆ. ನೀರು ಸುರಿದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಒಂದೊಂದು ವಸ್ತುವಿನ ಹಿಗ್ಗು ಒಂದೊಂದು ತರ. ಸಿಲಿಕಾನ್ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 3 ಪಾಲು ಹಿಗ್ಗಿದರೆ, ಕೆಳಗಿನ ತಳಪಟ್ಟಿ ಸುಮಾರು 17 ಪಾಲು ಹಿಗ್ಗುತ್ತದೆ. 14 ಮಿಲಿಮೀಟರ್ ಅಗಲದ ಚಿಪ್ಪು, 50 ಡಿಗ್ರಿ ಏರಿಕೆ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿದೆ. ನಡುವಿನಿಂದ ಅಂಚಿಗೆ 7 ಮಿಲಿಮೀಟರ್. ಆ ಅಂಚಿನಲ್ಲಿ ಎರಡು ಪದರಗಳ ನಡುವೆ ಬರುವ ಎಳೆದಾಟ, ಹಿಡಿದಿಡುವ ಅಂಟು ಇಲ್ಲವೆಂದುಕೊಂಡರೆ, ಸುಮಾರು 5 ಮೈಕ್ರಾನ್. ಒಂದು ಕೂದಲನ್ನು ಉದ್ದಕ್ಕೆ ಹದಿನಾಲ್ಕು ಸೀಳು ಮಾಡಿದರೆ ಒಂದು ಸೀಳಿನ ದಪ್ಪ.

ಒಂದು ಸಲ ಎಳೆದರೆ ಏನೂ ಆಗುವುದಿಲ್ಲ. ತಂತಿಯನ್ನು ಒಮ್ಮೆ ಬಾಗಿಸಿದರೆ ಮುರಿಯುತ್ತದೆಯೇ? ಅತ್ತ ಇತ್ತ ಬಾಗಿಸುತ್ತ ಹೋದರೆ ಒಂದು ಘಳಿಗೆಗೆ ಪಟಕ್ಕನೆ ಕೈಗೆ ಬರುತ್ತದೆ. ಆಟಗಾರ ದಿನಕ್ಕೆ ಎರಡು ಸಲ ಆನ್ ಮಾಡಿ ಆರಿಸಿದ ಎಂದುಕೊಳ್ಳೋಣ. ವರ್ಷಕ್ಕೆ 730 ಎಳೆದಾಟ. 2007ರ ಜೂನ್ ಕೊನೆಗೆ ಹೊರಬಿದ್ದಿದ್ದ ಯಂತ್ರಗಳು 1.16 ಕೋಟಿ. ಗುಣಿಸಿದರೆ ವರ್ಷಕ್ಕೆ 846 ಕೋಟಿಗೂ ಹೆಚ್ಚು. ಆಗ ಜಗತ್ತಿನ ಜನಸಂಖ್ಯೆ ಇನ್ನೂ 700 ಕೋಟಿ ಮುಟ್ಟಿರಲಿಲ್ಲ. ಹನಿಗೂಡಿದರೆ ಹಳ್ಳ ಎನ್ನುತ್ತೇವಲ್ಲ, ಇಲ್ಲಿ 5 ಮೈಕ್ರಾನುಗಳು ಕೂಡಿ ಹೊಳೆಯಾದವು. ನನ್ನನ್ನು ಬೆರಗುಗೊಳಿಸುವುದು ಈ ಗುಣಾಕಾರವೇ. ಒಂದು ಕಾರ್ಖಾನೆ ಹತ್ತು ಪೆಟ್ಟಿಗೆ ಮಾಡಿ ಕೊಟ್ಟಿದ್ದರೆ ಇದೊಂದು ಸಣ್ಣ ತಪ್ಪು. ಕೋಟಿ ಪೆಟ್ಟಿಗೆ ಮಾಡಿದ್ದರಿಂದ ಅದೇ ತಪ್ಪು ಒಂದು ಖಜಾನೆಯನ್ನು ಬರಿದು ಮಾಡುವಷ್ಟು ಬೆಳೆಯಿತು.

ಮೊದಮೊದಲು ಕಂಪನಿ ನೂರಕ್ಕೆ ಮೂರರಿಂದ ಐದು ಕೆಡುವುದು ಮಾಮೂಲು ಎನ್ನುತ್ತಿತ್ತು. ಅಮೆರಿಕದಲ್ಲಿ ಮೊದಲು ಕೊಟ್ಟ ವಾರಂಟಿ 90 ದಿನ. 2006ರ ಡಿಸೆಂಬರ್‌ನಲ್ಲಿ ಅದು ಒಂದು ವರ್ಷವಾಯಿತು. 2007ರ ಜುಲೈ 5ರಂದು ಮೂರು ಕೆಂಪು ದೀಪದ ದೋಷಕ್ಕೆ ಮೂರು ವರ್ಷ. 90 ದಿನದಿಂದ ಸಾವಿರದ ಚಿಲ್ಲರೆ ದಿನಕ್ಕೆ. ಅದಕ್ಕಾಗಿ 105ರಿಂದ 115 ಕೋಟಿ ಡಾಲರ್ ತೆಗೆದಿಡುವುದಾಗಿ ಕಂಪನಿ ಅಂದೇ ಸಾರಿತು. ಆವರೆಗೆ ಹೊರಬಿದ್ದಿದ್ದ ಒಂದೊಂದು ಪೆಟ್ಟಿಗೆಗೂ ಹಂಚಿದರೆ ತಲಾ ಸುಮಾರು 99 ಡಾಲರ್, ಮಾರಿದ ಬೆಲೆಯ ಕಾಲು ಭಾಗ! ಈ ಮೊತ್ತವನ್ನು ಆಗಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಮುಂದಿಡುವಾಗ ಮೂರ್‌ಗೆ ಎದೆ ನಡುಗುತ್ತಿತ್ತಂತೆ. ಬಾಲ್ಮರ್ ಎಷ್ಟಾಗುತ್ತದೆ ಎಂದು ಕೇಳಿ, ಉತ್ತರ ಬಂದ ಕೂಡಲೇ ಮಾಡಿ ಎಂದರು. ಆ ವರ್ಷ ಕಂಪನಿಯ ನಿವ್ವಳ ಲಾಭ ಸುಮಾರು 1,400 ಕೋಟಿ ಡಾಲರ್ ಎಂಬುದು ನಿಜ. ಹಾಗಿದ್ದರೂ ಆ ಒಂದು ಮಾತಿಗೆ ನಾನು ಮನಸಾರೆ ಗೌರವ ಕೊಡುತ್ತೇನೆ. ಹೊಟ್ಟೆಬಟ್ಟೆ ಕಟ್ಟಿ 399 ಡಾಲರ್ ಕೂಡಿಸಿ ತಂದವನ ಪೆಟ್ಟಿಗೆ ಸತ್ತಾಗ, ಅವನಿಗೆ ಆಗ ಬೇಕಿದ್ದುದು ಖಾಲಿ ರಟ್ಟಿನ ಡಬ್ಬ ಮನೆಗೆ ಬರುವುದು. ಬಂತು. ಯಂತ್ರವನ್ನು ಮಲಗಿಸಿ ಕಳುಹಿಸುವ ಆ ಡಬ್ಬಕ್ಕೆ ಆಟಗಾರರು ಶವಪೆಟ್ಟಿಗೆ ಎಂದೇ ಹೆಸರಿಟ್ಟಿದ್ದರು.

ವಾರಂಟಿ ಮಾರುವ ಸ್ಕ್ವೇರ್‌ಟ್ರೇಡ್ ಎಂಬ ಕಂಪನಿ 2009ರಲ್ಲಿ 16,000ಕ್ಕೂ ಹೆಚ್ಚು ಆಟದ ಯಂತ್ರಗಳ ಲೆಕ್ಕ ತೆಗೆಯಿತು. ಎರಡು ವರ್ಷದೊಳಗೆ ಕೆಟ್ಟವು: ನಿಂಟೆಂಡೊ ವೀ ನೂರಕ್ಕೆ 2.7, ಪ್ಲೇಸ್ಟೇಷನ್ 3 ನೂರಕ್ಕೆ 10, ಎಕ್ಸ್‌ಬಾಕ್ಸ್ 360 ನೂರಕ್ಕೆ 23.7.

ಇಷ್ಟಾಗಿಯೂ ಜನ ಅದನ್ನು ಬಿಡಲಿಲ್ಲ. ಆ ಜುಲೈ ಘೋಷಣೆಯಾಗಿ ಮೂರು ತಿಂಗಳು ಕಳೆದಿರಲಿಲ್ಲ, ಸೆಪ್ಟೆಂಬರ್ 25ಕ್ಕೆ ಈ ಯಂತ್ರದ ಆಟ ಹೇಲೋ 3 ಬಂತು. ಅಮೆರಿಕ ಒಂದರಲ್ಲೇ ಮೊದಲ ದಿನದ ಮಾರಾಟ 17 ಕೋಟಿ ಡಾಲರ್. ಬೋರ್ಡುಗಳು ಮಾದರಿಯಿಂದ ಮಾದರಿಗೆ ಸುಧಾರಿಸಿದವು, ಚಿಪ್ಪುಗಳು ಕಿರಿದಾಗಿ ಬಿಸಿ ಇಳಿಯಿತು. 2010ರ ಹೊಸ ಮೈಕಟ್ಟಿನಲ್ಲಿ ಎರಡು ದೊಡ್ಡ ಚಿಪ್ಪುಗಳು ಒಂದೇ ತುಣುಕಾದವು. 2014ರ ಹೊತ್ತಿಗೆ ಒಟ್ಟು ಮಾರಾಟ 8.4 ಕೋಟಿ, ಮೊದಲ ಎಕ್ಸ್‌ಬಾಕ್ಸಿನ ಮೂರೂವರೆ ಪಟ್ಟು. 2016ರ ಏಪ್ರಿಲ್‌ನಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು.

2005ರ ಆ ಮೊದಲ ತಂಡದ ಪೆಟ್ಟಿಗೆಗಳನ್ನು ಜೋಪಾನ ಮಾಡಿಟ್ಟುಕೊಂಡವರು ಇನ್ನೂ ಇದ್ದಾರೆ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಹೊರತೆಗೆದು, ಧೂಳು ಕೊಡವಿ, ಗುಂಡಿ ಒತ್ತುತ್ತಾರೆ. ಫ್ಯಾನು ಗುಂಯ್ ಎನ್ನುತ್ತದೆ. ತಳಪಟ್ಟಿ ಹಿಗ್ಗತೊಡಗುತ್ತದೆ, ಸಿಲಿಕಾನ್ ಅದರ ಹಿಂದೆ ನಿಧಾನಕ್ಕೆ, ನಡುವೆ ಅದೇ 5 ಮೈಕ್ರಾನ್. ಬಳೆ ಹಸಿರಾಗುವವರೆಗೂ ಯಾರೂ ಮಾತಾಡುವುದಿಲ್ಲ.