ಹೈಫೈವ್ ಅಲ್ಲ, ಬರೀ ಪ್ರಾರ್ಥನೆಯೂ ಅಲ್ಲ

ಕೈಮುಗಿದ ಎಮೋಜಿ ನಮಸ್ಕಾರವೇ ಅಲ್ಲ, ಇಬ್ಬರು ಗೆಳೆಯರು ಅಂಗೈ ತಟ್ಟಿಕೊಳ್ಳುವ ‘ಹೈಫೈವ್’ ಎಂಬ ಮಾತು ಆಗಾಗ ತಲೆಯೆತ್ತುತ್ತದೆ. ಇದನ್ನು ಪರೀಕ್ಷಿಸಲು ಹೆಬ್ಬೆರಳುಗಳನ್ನು ನೋಡಿದರೆ ಸಾಕು. ಎದುರುಬದುರು ನಿಂತವರು ಬಲಗೈಗೆ ಬಲಗೈ ತಟ್ಟಿದರೆ ಒಬ್ಬರ ಹೆಬ್ಬೆರಳು ಈ ಬದಿಗೆ, ಇನ್ನೊಬ್ಬರದು ಆ ಬದಿಗೆ ಬರುತ್ತದೆ. ಎಮೋಜಿಯಲ್ಲಿ ಎರಡೂ ಒಂದೇ ಬದಿಗಿರುತ್ತವೆ. ಒಬ್ಬರು ಎಡಗೈ ಚಾಚಿದರೆ ಹೊಂದುತ್ತದಲ್ಲ ಎಂದು ಪಟ್ಟು ಹಿಡಿಯುವವರಿಗೆ ದಾಖಲೆಯೇ ಉತ್ತರ. ಅಕ್ಷರ, ಚಿಹ್ನೆಗಳ ಜಾಗತಿಕ ಮಾನಕವಾದ ಯೂನಿಕೋಡ್‌ನ 2010ರ 6.0 ಆವೃತ್ತಿಯಲ್ಲಿ ಈ ಚಿಹ್ನೆಗೆ ಕೊಟ್ಟ ಹೆಸರಿನ ಅರ್ಥ ‘ಕೈಮುಗಿದ ವ್ಯಕ್ತಿ’. ವ್ಯಕ್ತಿ ಒಬ್ಬರೇ. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಂತೂ ಕೈಗಳ ಹಿಂದೆ ಮುಖವೂ ಕಾಣುತ್ತಿತ್ತು.

ಹಾಗಾದರೆ ಇದು ದೇವರ ಪ್ರಾರ್ಥನೆ, ಅಥವಾ ನಮ್ಮ ನಮಸ್ತೆ ಜಗತ್ತು ಸುತ್ತಿದ್ದು ಎಂದುಕೊಳ್ಳುವುದೂ ಅವಸರದ ಮಾತೇ. ಚಿಹ್ನೆ ಬಂದದ್ದು ಜಪಾನಿನ ಮೊಬೈಲ್ ಕಂಪನಿಗಳ ಎಮೋಜಿಗಳಿಂದ. ಅಲ್ಲಿ ದೇವಾಲಯದಲ್ಲಷ್ಟೇ ಅಲ್ಲ, ಉಪಕಾರ ಕೇಳುವಾಗ, ಕ್ಷಮೆ ಬೇಡುವಾಗ, ಊಟಕ್ಕೆ ಕೂತಾಗಲೂ ಅಂಗೈ ಜೋಡಿಸುತ್ತಾರೆ. ಯೂನಿಕೋಡ್ ಪಟ್ಟಿಯ ಟಿಪ್ಪಣಿಯೂ ಹೇಳುವುದು ದುಃಖ, ವಿಷಾದ, ಬೇಡಿಕೆಗಳನ್ನು. ಪ್ರಾರ್ಥನೆಯ ಪ್ರಸ್ತಾಪ ಅಲ್ಲಿಲ್ಲ. ಆ್ಯಪಲ್‌ನ ಹಳೆಯ ಚಿತ್ರದಲ್ಲಿ ಕೈಗಳ ಸುತ್ತ ಪ್ರಭೆ ಇತ್ತಲ್ಲ ಎಂಬ ಆಕ್ಷೇಪ ನ್ಯಾಯವೇ. ಆದರೆ ಪ್ರಭೆ ಒಂದು ಕಂಪನಿಯ ಚಿತ್ರಕಾರರ ಆಯ್ಕೆ, ಚಿಹ್ನೆಯ ವ್ಯಾಖ್ಯೆಯಲ್ಲ. ಪ್ರಾರ್ಥನೆಗೆಲ್ಲ ಇದೇ ಮುದ್ರೆಯೂ ಅಲ್ಲ: ದುಆ ಮಾಡುವ ಮುಸ್ಲಿಮರು ಅಂಗೈಗಳನ್ನು ಮೇಲಕ್ಕೆ ತೆರೆದು ಹಿಡಿಯುತ್ತಾರೆ. ಆ ಭಂಗಿಯನ್ನು ಹೋಲುವ ಎಮೋಜಿ 2017ರಲ್ಲಿ ಬೇರೆಯಾಗಿಯೇ ಬಂತು. ಯುರೋಪಿನವರ ಕಣ್ಣಿಗೆ ಮಾತ್ರ ಜೋಡಿಸಿದ ಕೈ ಎಂದರೆ ಪ್ರಾರ್ಥನೆಯೇ. ಜರ್ಮನ್ ಕಲಾವಿದ ಡ್ಯೂರರ್ 1508ರ ಸುಮಾರಿಗೆ ಬರೆದ ಕೈಗಳ ರೇಖಾಚಿತ್ರ ಅಲ್ಲಿ ಅಷ್ಟು ಮನೆಮಾತು. ಆದರೆ ಮಧ್ಯಯುಗದ ಆ ಯುರೋಪಿನಲ್ಲೇ ಸಾಮಂತನು ಜೋಡಿಸಿದ ಕೈಗಳನ್ನು ಒಡೆಯನ ಕೈಗಳ ನಡುವೆ ಇಟ್ಟು ನಿಷ್ಠೆ ಸಲ್ಲಿಸುತ್ತಿದ್ದ.

ಇಷ್ಟು ಕಡೆ ಸಮಾನವಾದದ್ದು ದೇವರಲ್ಲ, ಎದುರಿನವರ ಮುಂದೆ ತಾನು ತುಸು ತಗ್ಗುವುದು. ನಮ್ಮ ಬಳಕೆಯೂ ಅದಕ್ಕೆ ಒಪ್ಪುತ್ತದೆ: ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಗಿನ ವಂದನೆಗೂ, ‘ಓಂ ಶಾಂತಿ’ಯ ಪಕ್ಕಕ್ಕೂ, ಕೊಟ್ಟ ಸಾಲ ನೆನಪಿಸುವ ಸಂದೇಶದ ಕೊನೆಗೂ ಅದೇ ಕೈ. ‘ನಿನಗೊಂದು ದೊಡ್ಡ ನಮಸ್ಕಾರ’ ಎಂಬ ವ್ಯಂಗ್ಯ ತಗ್ಗುವುದಕ್ಕೆ ತದ್ವಿರುದ್ಧವಲ್ಲವೇ ಎನ್ನಬಹುದು. ಆದರೆ ಬಗ್ಗುವ ಅರ್ಥ ಮೊದಲೇ ಗಟ್ಟಿಯಾಗಿರುವುದರಿಂದಲೇ ಅಲ್ಲಿ ಚುಚ್ಚು ನಾಟುತ್ತದೆ. ಹೈಫೈವ್ ಆಗಿದ್ದರೆ ಯಾರಿಗೂ ಕುಟುಕುತ್ತಿರಲಿಲ್ಲ.