ಕೆಮ್ಮು ಎಷ್ಟು ದಿನವಿತ್ತು?

ಜ್ವರ ಇತ್ತೇ? ಎಷ್ಟು ದಿನ? ರಾತ್ರಿ ಹೊತ್ತು ಮೈ ಬೆವರುತ್ತಿತ್ತೇ? ಕೆಮ್ಮು ಇತ್ತೇ? ಕಫದಲ್ಲಿ ರಕ್ತ ಬೀಳುತ್ತಿತ್ತೇ? ಮೈ ಇಳಿದು ಹೋಗಿತ್ತೇ?

ಕೇಳುತ್ತಿರುವವರು ಡಾಕ್ಟರಲ್ಲ, ಅದೇ ಸೀಮೆಯಲ್ಲಿ ಹೈಸ್ಕೂಲು ಓದಿಕೊಂಡವರು. ಉತ್ತರ ಹೇಳುತ್ತಿರುವವರು ರೋಗಿಯಲ್ಲ. ರೋಗಿ ತೀರಿಕೊಂಡು ತಿಂಗಳುಗಳಾಗಿವೆ. ಕೊನೆಗಾಲದಲ್ಲಿ ಗಂಜಿ ಕುಡಿಸಿದವರು, ಮಗ್ಗುಲು ತಿರುಗಿಸಿದವರು ಯಾರೋ ಅವರೇ ಅಂಗಳದಲ್ಲಿ ಕೂತು ನೆನಪು ಮಾಡಿಕೊಂಡು ಹೇಳುತ್ತಾರೆ. ಇದಕ್ಕೆ ವರ್ಬಲ್ ಆಟೋಪ್ಸಿ ಎಂದು ಹೆಸರು. ಬಾಯಿಮಾತಿನ ಪೋಸ್ಟ್‌ಮಾರ್ಟಂ ಅನ್ನಬಹುದು.

ಆಫ್ರಿಕಾದ ವಿಶ್ವವಿದ್ಯಾಲಯಗಳಲ್ಲಿ ಹೆಲ್ತ್ ಡೇಟಾ ಸೈನ್ಸ್ ಹೇಗೆ ಬೇರೂರುತ್ತಿದೆ ಎಂದು ಬರೆಯಲು ಹೊರಟವನು ನಾನು. ಕೋರ್ಸುಗಳು, ಅನುದಾನಗಳು, ಸರ್ವರುಗಳು ಎಲ್ಲ ಓದಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಸಿಗುವಂತೆ ಇಟ್ಟಿರುವ ಈ ಪ್ರಶ್ನಾವಳಿ ಕೈಗೆ ಬಂದ ಮೇಲೆ ಬೇರೆ ಯಾವುದರ ಮೇಲೂ ಗಮನ ನಿಲ್ಲಲಿಲ್ಲ. ನೂರಾರು ಪ್ರಶ್ನೆಗಳಿವೆ ಅದರಲ್ಲಿ. ರೋಗಲಕ್ಷಣದ ಪ್ರಶ್ನೆಗಳು ಮುಗಿದ ಮೇಲೆ ಬೇರೆ ಬಗೆಯವು ಬರುತ್ತವೆ. ಆಸ್ಪತ್ರೆಗೆ ಹೋದಿರಾ? ಹೋಗಲು ಗಾಡಿ ಇತ್ತೇ? ಡಾಕ್ಟರಿಗೆ ತೋರಿಸಬೇಕೋ ಬೇಡವೋ ಎಂಬ ಅನುಮಾನ ಮನೆಯಲ್ಲಿತ್ತೇ? ನಾಟಿ ಔಷಧಿ ಮಾಡಿಸಿದಿರಾ? ಸಹಾಯಕ್ಕೆ ಯಾರಾದರೂ ಫೋನ್ ಮಾಡಿದರೇ? ಖರ್ಚಿನಿಂದಾಗಿ ಮನೆಯ ಬೇರೆ ಖರ್ಚುಗಳಿಗೆ ಹಣ ಸಾಲದೆ ಹೋಯಿತೇ? ಒಂದು ಸಾವಿನ ಸುತ್ತ ಇರುವ ಬಡತನ, ದೂರ, ಹಿಂಜರಿಕೆ ಎಲ್ಲವೂ ಹೌದು-ಅಲ್ಲ ಎಂಬ ಎರಡು ಮನೆಗಳೊಳಗೆ ಬಂದು ಕೂರುತ್ತವೆ.

ಫಾರಂ ಅರ್ಥವಾಗಬೇಕಾದರೆ ತುಂಬಿ ನೋಡಬೇಕು ಅನ್ನಿಸಿತು. ಹೊಸದುರ್ಗದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರತ್ತೆಗೆ ಫೋನ್ ಮಾಡಿ, 1987ರಲ್ಲಿ ತೀರಿಕೊಂಡ ನನ್ನ ಅಜ್ಜನ ಬಗ್ಗೆ ಒಂದೊಂದೇ ಪ್ರಶ್ನೆ ಕೇಳಿದೆ. ಅಜ್ಜನಿಗೆ ಏನಾಗಿತ್ತು ಅಂದರೆ ನಮ್ಮ ಮನೆಯಲ್ಲಿ ಇವತ್ತಿಗೂ ‘ವಯಸ್ಸಾಗಿತ್ತು’ ಅನ್ನುತ್ತಾರೆ. ಊರಿನವರು ‘ಗಾಳಿ ಸೋಕಿತ್ತು’ ಅನ್ನುತ್ತಾರೆ. ಅತ್ತೆ ಮೊದಲು ನಕ್ಕರು. ಆಮೇಲೆ ಉತ್ತರ ಹೇಳತೊಡಗಿದರು. ಕೆಮ್ಮು ಎಷ್ಟು ದಿನ ಇತ್ತು ಎಂಬಲ್ಲಿ ತಡವರಿಸಿ, ‘ಒಂದು ಹದಿನೈದು ದಿನ ಅಂತ ಬರ್ಕೋ’ ಅಂದರು.

ಈ ಪದ್ಧತಿಗೆ ನಮ್ಮ ಮಣ್ಣಿನ ನಂಟೂ ಇದೆ. ಪಂಜಾಬಿನ ನರಂಗವಾಲ್ ಎಂಬ ಹಳ್ಳಿಯ ಸುತ್ತ ಆರೋಗ್ಯ ಸಂಶೋಧನೆ ಮಾಡುತ್ತಿದ್ದವರೇ ‘ವರ್ಬಲ್ ಆಟೋಪ್ಸಿ’ ಎಂಬ ಮಾತನ್ನು ಚಾಲ್ತಿಗೆ ತಂದವರು. ಅದು ಇನ್ನೂ ಬೇಕಾಗಿರುವುದಕ್ಕೆ ಕಾರಣ ಹುಡುಕಲು ಆಫ್ರಿಕಾದವರೆಗೆ ಹೋಗಬೇಕಾಗಿಲ್ಲ. 2020ರಲ್ಲಿ ಭಾರತದಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರು ಕಾರಣ ಬರೆದುಕೊಟ್ಟದ್ದು ಶೇ 22.5ಕ್ಕೆ ಮಾತ್ರ. ಉಳಿದವರೆಲ್ಲ ನಮ್ಮ ಅಜ್ಜನ ಹಾಗೆ, ಕಾರಣವಿಲ್ಲದೆ ಹೋದವರು.

ದಕ್ಷಿಣ ಆಫ್ರಿಕಾದಲ್ಲಿ ಈ ಕೆಲಸ ಊರಿದ್ದು ಅಜಿನ್‌ಕೋರ್ಟ್ ಎಂಬ ಕಡೆ. ಜೊಹಾನ್ಸ್‌ಬರ್ಗ್‌ನಿಂದ ಈಶಾನ್ಯಕ್ಕೆ ಸುಮಾರು 500 ಕಿಲೋಮೀಟರು, ಕ್ರೂಗರ್ ಅಭಯಾರಣ್ಯದ ಮಗ್ಗುಲಲ್ಲಿರುವ ಬುಷ್‌ಬಕ್‌ರಿಜ್ ಸೀಮೆ. ವರ್ಣಭೇದದ ಸರ್ಕಾರ ಕಪ್ಪು ಜನರನ್ನು ಕೂಡಿಹಾಕಿದ ‘ಹೋಮ್‌ಲ್ಯಾಂಡ್’ಗಳಲ್ಲಿ ಒಂದಾದ ಗಜಾನ್‌ಕುಲುವಿನ ಭಾಗವಾಗಿತ್ತು ಅದು. ಷಂಗಾನ್ ಮಾತಾಡುವ ಜನ. ಮೊಜಾಂಬಿಕ್‌ನ ಅಂತರ್ಯುದ್ಧದಿಂದ ಓಡಿಬಂದು ನೆಲೆಸಿದ ಕುಟುಂಬಗಳೂ ಬಹಳ. ಇಂಥ ಕಡೆ ಎಷ್ಟು ಮಂದಿ ಹುಟ್ಟಿದರು, ಎಷ್ಟು ಮಂದಿ ಸತ್ತರು ಎಂದು ಲೆಕ್ಕ ಇಡುವ ಗರಜು ಆಳುವವರಿಗೆ ಇರಲಿಲ್ಲ. 1992ರಲ್ಲಿ, ವರ್ಣಭೇದ ಇನ್ನೂ ಪೂರ್ತಿ ಅಳಿಯುವ ಮೊದಲೇ, ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯದ (ಎಲ್ಲರ ಬಾಯಲ್ಲಿ ‘ವಿಟ್ಸ್’) ಸ್ಟೀಫನ್ ಟಾಲ್ಮನ್, ಕ್ಯಾಥ್ಲೀನ್ ಕಾನ್ ಮತ್ತು ಅವರ ತಂಡ 20 ಹಳ್ಳಿಗಳ ಮನೆಮನೆಗೆ ಹೋಗಿ ಸುಮಾರು 57 ಸಾವಿರ ಜನರ ಗಣತಿ ಮಾಡಿತು. ಆವತ್ತಿನಿಂದ ಮತ್ತೆ ಮತ್ತೆ ಅವೇ ಮನೆಗಳ ಬಾಗಿಲು ತಟ್ಟುತ್ತಾ ಬಂದಿದ್ದಾರೆ. ಯಾರು ಹುಟ್ಟಿದರು, ಯಾರು ಊರು ಬಿಟ್ಟರು, ಯಾರು ತೀರಿಕೊಂಡರು? ಈಗ ಲೆಕ್ಕದೊಳಗಿರುವವರು ಲಕ್ಷಕ್ಕೂ ಹೆಚ್ಚು.

ಇದರ ಬೇರು ಇನ್ನೂ ಹಿಂದಿನದು. 1940ರಲ್ಲಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ ಎಂಬ ವೈದ್ಯ ದಂಪತಿ ನಟಾಲ್ ಪ್ರಾಂತ್ಯದ ಪೊಲೆಲಾದಲ್ಲಿ ಆರೋಗ್ಯ ಕೇಂದ್ರ ತೆರೆದು, ರೋಗಿ ಬರಲಿ ಎಂದು ಕಾಯದೆ ಮನೆಗಳಿಗೇ ಹೋಗಿ ಪಟ್ಟಿ ಬರೆದುಕೊಳ್ಳುವ ಪರಿಪಾಠ ಹಾಕಿದ್ದರು. ವರ್ಣಭೇದದ ಕಾಲದಲ್ಲಿ ಅದು ಸೊರಗಿತು, ದಂಪತಿ ದೇಶ ಬಿಟ್ಟರು. ಆ ಕಥೆಯೇ ಇನ್ನೊಂದು ಲೇಖನಕ್ಕಾಗುತ್ತದೆ.

ಅಜಿನ್‌ಕೋರ್ಟ್‌ನ ಲೆಕ್ಕ ಏನು ಹೇಳಿತು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 1992ರ ನಂತರದ ಸುಮಾರು ಹತ್ತು ವರ್ಷಗಳಲ್ಲಿ ಅಲ್ಲಿನ ಹೆಂಗಸರ ನಿರೀಕ್ಷಿತ ಆಯಸ್ಸು 12 ವರ್ಷ, ಗಂಡಸರದ್ದು 14 ವರ್ಷ ಕುಸಿಯಿತು. ವರ್ಣಭೇದ ಅಳಿದು ಸ್ವಾತಂತ್ರ್ಯ ಬಂದ ಸಂಭ್ರಮದ ವರ್ಷಗಳಲ್ಲೇ ಎಚ್‌ಐವಿ ಮನೆಗಳನ್ನು ಖಾಲಿ ಮಾಡುತ್ತಿತ್ತು. ಆದರೆ ಏಡ್ಸ್ ಎಂದು ಬಾಯಿಬಿಟ್ಟು ಹೇಳುವ ಮನೆಗಳು ಕಡಿಮೆ. ಮಾಟ ಅಂದವರಿದ್ದರು, ಟಿಬಿ ಅಂದವರಿದ್ದರು. ಅದಕ್ಕೇ ‘ಏನಾಗಿತ್ತು’ ಎಂದು ಕೇಳಿ ಸುಮ್ಮನಾಗದೆ, ಬಾಯೊಳಗೆ ಬಿಳಿ ಇತ್ತೇ, ಭೇದಿ ತಿಂಗಳುಗಟ್ಟಲೆ ಇತ್ತೇ ಎಂದು ಒಂದೊಂದಾಗಿ ಕೇಳುವುದು. ಹೆಸರು ಹೇಳಲು ಅಳುಕುವ ಮನೆಯೂ ಲಕ್ಷಣವನ್ನು ಹೇಳುತ್ತದೆ.

ತುಂಬಿದ ಫಾರಂಗಳನ್ನು ಮೊದಲು ಇಬ್ಬರು ಡಾಕ್ಟರು ಬೇರೆ ಬೇರೆಯಾಗಿ ಓದಿ ಕಾರಣ ತೀರ್ಮಾನಿಸುತ್ತಿದ್ದರು. ಒಮ್ಮತ ಬಾರದಿದ್ದರೆ ಮೂರನೆಯವರ ಹತ್ತಿರ ಹೋಗುತ್ತಿತ್ತು. ಸಾವಿರಾರು ಫಾರಂ, ಬಿಡುವಿಲ್ಲದ ಡಾಕ್ಟರು. ಇಲ್ಲಿಗೆ ಕಂಪ್ಯೂಟರು ಬಂತು. ಸ್ವೀಡನ್ನಿನ ಉಮಿಯೊ ವಿಶ್ವವಿದ್ಯಾಲಯದಲ್ಲಿದ್ದ, 2020ರಲ್ಲಿ ತೀರಿಕೊಂಡ ಪೀಟರ್ ಬಯಸ್ ರೂಪಿಸಿದ ‘ಇಂಟರ್‌ವಿಎ’ ಎಂಬ ತಂತ್ರಾಂಶ ಉತ್ತರಗಳನ್ನು ಒಂದೊಂದಾಗಿ ತೂಗುತ್ತದೆ. ಮೂರು ವಾರ ಮೀರಿದ ಕೆಮ್ಮು ಎಂದ ಕೂಡಲೇ ಕ್ಷಯದ ತಕ್ಕಡಿ ಸ್ವಲ್ಪ ಬಾಗುತ್ತದೆ. ರಾತ್ರಿ ಬೆವರು ಎಂದರೆ ಇನ್ನಷ್ಟು. ಹೀಗೆ ಅರವತ್ತಕ್ಕೂ ಹೆಚ್ಚು ಕಾರಣಗಳ ತಕ್ಕಡಿಗಳನ್ನು ಒಟ್ಟಿಗೇ ಹಿಡಿದು, ಕೊನೆಗೆ ಯಾವುದು ಹೆಚ್ಚು ಸಂಭವನೀಯ ಎಂದು ಹೇಳುತ್ತದೆ. ಇದರ ಹಿಂದಿರುವುದು ಬೇಸ್ ಎಂಬ ಹದಿನೆಂಟನೆಯ ಶತಮಾನದ ಪಾದ್ರಿಯ ಗಣಿತ. ವಿವರಿಸಲು ಹೋದರೆ ಭಾನುವಾರ ಹಾಳಾಗುತ್ತದೆ.

ಆದರೆ ಒಂದು ಸಂಗತಿ ಹೇಳಲೇಬೇಕು. ಈ ತಂತ್ರಾಂಶ ಕೆಲಸ ಶುರುಮಾಡುವ ಮೊದಲು ಬಳಸುವವರನ್ನೇ ಎರಡು ಪ್ರಶ್ನೆ ಕೇಳುತ್ತದೆ: ನಿಮ್ಮ ಸೀಮೆಯಲ್ಲಿ ಮಲೇರಿಯಾ ಹೆಚ್ಚೋ, ಕಡಿಮೆಯೋ, ತೀರಾ ಕಡಿಮೆಯೋ? ಎಚ್‌ಐವಿ? ಅದೇ ಜ್ವರ, ಅದೇ ಕೆಮ್ಮು, ಆದರೆ ಈ ಉತ್ತರ ಬದಲಾದರೆ ಸಾವಿನ ಕಾರಣವೂ ಬದಲಾಗಬಹುದು. ಘಾನಾಕ್ಕೆ ಹೊಂದುವ ಉತ್ತರ ಬುಷ್‌ಬಕ್‌ರಿಜ್‌ಗೆ ಹೊಂದುವುದಿಲ್ಲ. ಯಂತ್ರಕ್ಕೆ ಊರು ಗೊತ್ತಿಲ್ಲ, ಊರು ಗೊತ್ತಿದ್ದವರು ಹೇಳಬೇಕು. ಎಷ್ಟೋ ವರ್ಷ ಆಫ್ರಿಕಾದ ಅಂಗಳಗಳಲ್ಲಿ ಹುಟ್ಟಿದ ಅಂಕಿಗಳು ವಿಮಾನ ಹತ್ತಿ ಯುರೋಪು, ಅಮೆರಿಕಕ್ಕೆ ಹೋಗಿ ಅಲ್ಲಿ ಲೇಖನವಾಗುತ್ತಿದ್ದವು. ಅಂಗಳದಲ್ಲಿ ಕೂತು ಪ್ರಶ್ನೆ ಕೇಳಿದವರ ನಾಡಿನಲ್ಲೇ ಉತ್ತರ ಓದಬಲ್ಲವರೂ ಇರಬೇಕು ಎಂಬ ಹಟವೇ ಆಫ್ರಿಕಾದ ಹೆಲ್ತ್ ಡೇಟಾ ಸೈನ್ಸ್. ಹೆಸರು ಕೇಳಿ ನಾನು ಕೃತಕ ಬುದ್ಧಿಮತ್ತೆಯ ಥಳುಕು ಅಂದುಕೊಂಡಿದ್ದೆ.

ಹಟ ಸಾಧಿಸಿದ ರೀತಿಗಳು ಹಲವು, ನನಗೆ ಹಿಡಿಸಿದ್ದು ಒಂದು. ವಂಶವಾಹಿ ಸಂಶೋಧನೆಯ ಎಚ್3ಆಫ್ರಿಕಾ ಯೋಜನೆಗೆಂದು ಕೇಪ್‌ಟೌನ್ ವಿಶ್ವವಿದ್ಯಾಲಯದ ನಿಕೋಲಾ ಮುಲ್ಡರ್ ನೇತೃತ್ವದಲ್ಲಿ ಎಚ್3ಎಬಯೋನೆಟ್ ಎಂಬ ಜಾಲ ಹುಟ್ಟಿತ್ತು. ವಂಶವಾಹಿಯ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಓದುವ ಬಯೋಇನ್ಫರ್ಮ್ಯಾಟಿಕ್ಸ್ ಪಾಠಕ್ಕೆ ಅದು 2016ರಲ್ಲಿ ಹೊಸ ದಾರಿ ಹಿಡಿಯಿತು. ಎಲ್ಲರನ್ನೂ ಒಂದೂರಿಗೆ ಕರೆಸಲು ದುಡ್ಡಿಲ್ಲ, ಮನೆಯಲ್ಲೇ ಆನ್‌ಲೈನ್ ಕಲಿಯಿರಿ ಅನ್ನಲು ಇಂಟರ್‌ನೆಟ್ ನೆಚ್ಚುವಂತಿಲ್ಲ. ಹಾಗಾಗಿ 10 ದೇಶಗಳ 20 ಸಂಸ್ಥೆಗಳಲ್ಲಿ ಒಂದೊಂದು ಕೋಣೆ ಮಾಡಿ, ಪಾಠದ ವಿಡಿಯೊಗಳನ್ನು ಮೊದಲೇ ಇಳಿಸಿಕೊಂಡು, ಪ್ರತಿ ಕೋಣೆಗೂ ಸ್ಥಳೀಯ ಸಹಾಯಕರನ್ನು ಕೂರಿಸಿ, ಆಮೇಲೆ ಎಲ್ಲ ಕೋಣೆಗಳನ್ನೂ ನೇರ ಮಾತುಕತೆಗೆ ಜೋಡಿಸಿದರು. ಮೊದಲ ವರ್ಷವೇ 364 ಮಂದಿ ಹೆಸರು ಬರೆಸಿದರು.

2021ರಲ್ಲಿ ದೊಡ್ಡ ಹಣ ಬಂತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ‘ಡಿಎಸ್-ಐ ಆಫ್ರಿಕಾ’ ಎಂಬ ಕಾರ್ಯಕ್ರಮಕ್ಕೆ ಐದು ವರ್ಷಕ್ಕೆ ಸುಮಾರು 7.45 ಕೋಟಿ ಡಾಲರ್ ಎಂದು ಘೋಷಿಸಿತು. ಉಗಾಂಡಾದ ಮಕೆರೆರೆ, ಕೀನ್ಯಾದ ಮೋಯಿ ವಿಶ್ವವಿದ್ಯಾಲಯಗಳಲ್ಲಿ ಡೇಟಾ ಸೈನ್ಸ್ ತರಬೇತಿ ಶುರುವಾಯಿತು. ಎಲ್ಲರೂ ಹಂಚಿಕೊಳ್ಳುವ ದತ್ತಾಂಶ ವೇದಿಕೆಗೆ ‘ಎಲ್ವಾಜಿ’ ಎಂದು ಹೆಸರಿಟ್ಟರು. ಷೋಸಾ ಭಾಷೆಯಲ್ಲಿ ಜ್ಞಾನ ಎಂಬ ಅರ್ಥದ ಮಾತಿನಿಂದ ಬಂದದ್ದು. ವಿಟ್ಸ್ ಮತ್ತು ನೈರೋಬಿಯ ಸಂಶೋಧಕರು ಸೇರಿದ ‘ಮದೀವಾ’ ಎಂಬ ಕೇಂದ್ರ, ಬುಷ್‌ಬಕ್‌ರಿಜ್‌ನ ಹಳ್ಳಿಗಳ ಲೆಕ್ಕವನ್ನೂ ನೈರೋಬಿಯ ಕೊಳೆಗೇರಿಗಳ ಲೆಕ್ಕವನ್ನೂ ಜೊತೆಗಿಟ್ಟು ಓದುತ್ತದೆ. ಎಚ್‌ಐವಿಗೆ ಔಷಧಿ ಸಿಕ್ಕು ಬದುಕಿದವರು ಈಗ ಮುಪ್ಪಿಗೆ ಬಂದಿದ್ದಾರೆ. ಅವರಿಗೆ ಬಿಪಿ, ಸಕ್ಕರೆ ಕಾಯಿಲೆ ಒಂದರ ಮೇಲೊಂದು ಬರುತ್ತಿವೆ. ಅದೇ ಅಂಗಳ, ಬೇರೆ ಪ್ರಶ್ನೆ.

ಕಲಿತವರನ್ನು ಉಳಿಸಿಕೊಳ್ಳುವುದು ಬೇರೆಯೇ ಪಾಡು. ಅಂಕಿ ಓದಲು ಬಂದವರಿಗೆ ಬ್ಯಾಂಕು, ಟೆಲಿಕಾಂ ಕಂಪನಿಗಳು ವಿಶ್ವವಿದ್ಯಾಲಯಕ್ಕಿಂತ ಹೆಚ್ಚು ಸಂಬಳ ಕೊಡುತ್ತವೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ಹಣದ ಕೈ ದೂರದ್ದು. 2025ರಲ್ಲಿ ವಾಷಿಂಗ್ಟನ್ನಿನ ಗಾಳಿ ತಿರುಗಿತು. ವಿದೇಶಿ ಸಂಸ್ಥೆಗಳಿಗೆ ಹೋಗುವ ಸಂಶೋಧನಾ ಹಣಕ್ಕೆ ತಡೆ ಬಿತ್ತು, ದಕ್ಷಿಣ ಆಫ್ರಿಕಾದ ಸಂಶೋಧಕರಿಗೆ ಪೆಟ್ಟು ಜೋರಾಗಿಯೇ ಬಿತ್ತು. 1984ರಿಂದ ಬಡ ದೇಶಗಳ ಮನೆಗಳ ಆರೋಗ್ಯ ಸಮೀಕ್ಷೆ ನಡೆಸಿಕೊಂಡು ಬಂದಿದ್ದ ಡಿಎಚ್‌ಎಸ್ ಕಾರ್ಯಕ್ರಮಕ್ಕೂ ಅಮೆರಿಕದ ನೆರವು ನಿಂತಿತು. ಸರ್ವರನ್ನು ಆರಿಸಿ ಮತ್ತೆ ಹಚ್ಚಬಹುದು. ಮೂವತ್ತು ವರ್ಷ ಬಾಗಿಲು ತಟ್ಟಿದವರು ಎರಡು ವರ್ಷ ಬಾರದಿದ್ದರೆ ಆ ಎರಡು ವರ್ಷದ ಹುಟ್ಟು ಸಾವು ಆಮೇಲೆ ನೆನಪಿನಿಂದ ಹೆಕ್ಕಬೇಕು. ನೆನಪು ಎಂಥದ್ದು ಎಂಬುದು ನನಗೆ ಈಗ ಗೊತ್ತಾಗಿದೆ.

ಫಾರಂನಲ್ಲಿ ಒಂದು ಖಾಲಿ ಜಾಗವಿದೆ. ಹೌದು-ಅಲ್ಲಗಳ ಹೊರಗೆ, ಏನಾಯಿತು ಎಂದು ಮನೆಯವರು ತಮ್ಮ ಮಾತಿನಲ್ಲಿ ಹೇಳುವ ಜಾಗ. ಅವರು ತಡೆಯಿಲ್ಲದೆ ಮಾತಾಡುವುದು ಅಲ್ಲೇ. ಇಂಟರ್‌ವಿಎ ಅದನ್ನು ಓದುವುದೇ ಇಲ್ಲ, ಅದಕ್ಕೆ ಬೇಕಾದದ್ದು ಗುರುತು ಹಾಕಿದ ಉತ್ತರ ಮಾತ್ರ. ಆ ಕಥನಗಳನ್ನು ಕಂಪ್ಯೂಟರಿಗೆ ಓದಿಸುವುದು ಹೇಗೆಂದು ವಿಟ್ಸ್‌ನ ಸಂಶೋಧಕರು ಅಜಿನ್‌ಕೋರ್ಟ್‌ನ ಫಾರಂಗಳ ಮೇಲೆಯೇ ಪ್ರಯೋಗ ಮಾಡುತ್ತಿದ್ದಾರೆ. ಷಂಗಾನ್ ಅಂಗಳದ ಮಾತಿನ ಓರೆಕೋರೆ ಗೊತ್ತಿರುವವರು ಹತ್ತಿರದಲ್ಲಿದ್ದಾರೆ ಎಂಬುದು ಅಲ್ಲಿಯ ಅನುಕೂಲ.

ಅತ್ತೆಗೆ ಆ ಖಾಲಿ ಜಾಗದ ವಿಷಯ ಹೇಳಿದಾಗ ಮುಕ್ಕಾಲು ಗಂಟೆ ಮಾತಾಡಿದರು. ಮಳೆ, ಎತ್ತಿನ ಗಾಡಿ, ಹೊಸದುರ್ಗದ ಆಸ್ಪತ್ರೆಗೆ ಹೋಗೋಣವೆಂದು ಹೊರಟು ಅರ್ಧ ದಾರಿಯಲ್ಲಿ ತಿರುಗಿಸಿಕೊಂಡು ಬಂದದ್ದು, ಅಜ್ಜ ಕೊನೆಗೆ ಕೇಳಿದ ಮಜ್ಜಿಗೆ. ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿ ಕೇಳಿದೆ.

ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲವಂತೆ.

‘ಕೆಮ್ಮು ಹದಿನೈದು ದಿನ ಅಂದಿದ್ನಲ್ಲ, ತಪ್ಪು ಕಣೋ. ದೀಪಾವಳಿಗೇ ಕೆಮ್ತಿದ್ರು ಅಪ್ಪ. ಹೋಗಿದ್ದು ಶಿವರಾತ್ರಿ ಆದ್ಮೇಲೆ. ತಿದ್ದಿ ಬರ್ಕೋ.’