ಹಡಗಿನ ಪಟ್ಟಿಯಲ್ಲಿ ಹಿರಿಯರ ಹುಡುಕಾಟ

ನಮ್ಮ ಅಜ್ಜಿ ಹೇಳುವ ಕತೆಯೊಂದಿದೆ. ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876-78ರಲ್ಲಿ, ಅವರ ಮುತ್ತಜ್ಜನ ತಮ್ಮನೊಬ್ಬನು ಮುಳಬಾಗಿಲಿನ ಸೀಮೆಯಿಂದ ಮದರಾಸಿಗೆ ನಡೆದುಹೋಗಿ, ಅಲ್ಲಿ ಹಡಗು ಹತ್ತಿ ಕಬ್ಬಿನ ದೇಶಕ್ಕೆ ಹೋದನಂತೆ. ಹೋದವನಿಂದ ಒಂದು ಕಾಗದವೂ ಬರಲಿಲ್ಲ. ಮನೆಯವರು ಹತ್ತಾರು ವರ್ಷ ಕಾದು, ಕೊನೆಗೆ ಎಳ್ಳುನೀರು ಬಿಟ್ಟರು. ಆ ಕಬ್ಬಿನ ದೇಶ ದಕ್ಷಿಣ ಆಫ್ರಿಕದ ನೇಟಾಲ್ ಎಂದು ಮನೆಯ ನಂಬಿಕೆ. ಕತೆ ಕೇಳಿದಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತಿತ್ತು: ಹಡಗು ಹತ್ತಿದವನ ಹೆಸರನ್ನು ಯಾರಾದರೂ ಬರೆದುಕೊಂಡಿರಬೇಕಲ್ಲವೇ?

ಬರೆದುಕೊಂಡಿದ್ದರು. ಹೆಸರನ್ನು ಮಾತ್ರವಲ್ಲ, ಮೈಮೇಲಿನ ಗಾಯದ ಕಲೆಯನ್ನೂ ಬರೆದುಕೊಂಡಿದ್ದರು.

ಬ್ರಿಟಿಷ್ ವಸಾಹತುಗಳಲ್ಲಿ 1834ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟದ ದೊರೆಗಳಿಗೆ ಆಳುಗಳು ಬೇಕಾದರು. ಐದು ವರ್ಷದ ಕರಾರಿನ ಮೇಲೆ ಭಾರತದಿಂದ ಜನರನ್ನು ಸಾಗಿಸುವ ಪದ್ಧತಿ ಮಾರಿಷಸ್‌ನಲ್ಲಿ ಬೇರೂರಿ, ಬ್ರಿಟಿಷ್ ಗಯಾನಾ, ಟ್ರಿನಿಡಾಡ್, ನೇಟಾಲ್, ಫಿಜಿಗಳಿಗೆ ಹಬ್ಬಿತು. ‘ಅಗ್ರಿಮೆಂಟ್’ ಎಂಬ ಮಾತು ಕೂಲಿಗಳ ಬಾಯಲ್ಲಿ ‘ಗಿರ್‍ಮಿಟ್’ ಆಯಿತು. ನೇಟಾಲಿಗೆ ಮೊದಲ ಹಡಗಾದ ‘ಟ್ರೂರೋ’ 342 ಮಂದಿಯನ್ನು ಹೊತ್ತು ಮದರಾಸಿನಿಂದ ಹೊರಟು, 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. 1866ರಲ್ಲಿ ನಿಂತ ಈ ಸಾಗಾಟ 1874ರಲ್ಲಿ ಮತ್ತೆ ಆರಂಭವಾಗಿ 1911ರವರೆಗೆ ನಡೆಯಿತು. ಅಷ್ಟರಲ್ಲಿ ಹೋದವರು 1,52,184 ಮಂದಿ. ನಡುವಿನ ಆ ಎಂಟು ವರ್ಷಗಳ ಬಿಡುವನ್ನು ಹುಡುಕುವವರು ನೆನಪಿಡಬೇಕು. ‘ನಮ್ಮ ತಾತ 1870ರಲ್ಲಿ ಕರಾರಿನ ಮೇಲೆ ನೇಟಾಲಿಗೆ ಬಂದ’ ಎಂದು ಯಾರಾದರೂ ಹೇಳಿದರೆ, ಇಸವಿ ತಪ್ಪಿದೆ, ಇಲ್ಲವೆ ದೇಶ ತಪ್ಪಿದೆ.

ಪ್ರತಿಯೊಂದು ಹಡಗಿಗೂ ಒಂದು ಪಟ್ಟಿ. ಅದರಲ್ಲಿ ಆಳಿನ ಹೆಸರು, ತಂದೆಯ ಹೆಸರು, ವಯಸ್ಸು, ಗಂಡೋ ಹೆಣ್ಣೋ ಎಂಬುದು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ, ಮೈಮೇಲಿನ ಗುರುತು; ಡರ್ಬನ್ನಿನಲ್ಲಿ ಇಳಿದ ಮೇಲೆ ಯಾವ ದೊರೆಯ ಪಾಲಿಗೆ ಹೋದ ಎಂಬ ವಿವರ. ಇಷ್ಟೊಂದು ಬರೆದದ್ದು ಮೊಮ್ಮಕ್ಕಳಿಗೆ ತಿಳಿಯಲೆಂದು ಅಲ್ಲ. ತೋಟದಿಂದ ಓಡಿಹೋದವನನ್ನು ಹಿಡಿದು ತರಲು ಹಣೆಯ ಮಚ್ಚೆ, ಮೊಣಕಾಲಿನ ಕಲೆ ಬೇಕಾಗಿದ್ದವು. ಬಡ ರೈತನೊಬ್ಬನ ಬಗೆಗೆ ಆ ಕಾಲದಲ್ಲಿ ಇಷ್ಟು ವಿವರ ಬೇರೆಲ್ಲಿ ಸಿಕ್ಕೀತು? ಊರಲ್ಲೇ ಉಳಿದ ಅಣ್ಣನ ಬಗೆಗೆ ನಮ್ಮಲ್ಲಿ ಒಂದು ಚೀಟಿಯೂ ಇಲ್ಲ.

ಆದರೆ ಹೆಸರು ಹಿಡಿದು ಹುಡುಕಹೊರಟವರು ಬಹುಬೇಗ ಸೋಲುತ್ತಾರೆ. ತಮಿಳು, ತೆಲುಗು, ಕನ್ನಡದ ಬಾಯಿಗಳಿಂದ ಬಂದ ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷ್ ಅಕ್ಷರದಲ್ಲಿ ಗೀಚಿದರು. ನೇಟಾಲಿನ ಒಂದನೆಯ ಅಂಕಿಯ ಆಳಿನ ಹೆಸರು ಪಟ್ಟಿಯಲ್ಲಿ ‘ದಾವರಂ’ ಎಂದಿದೆ. ಅವನ ತಾಯಿ ಅವನನ್ನು ಏನೆಂದು ಕರೆಯುತ್ತಿದ್ದಳೋ ಊಹಿಸಿಕೊಳ್ಳಬೇಕು. ಮುನಿಯಪ್ಪನು ಮೂನಿಯನ್ ಆಗಬಹುದು, ಮುನಿಯಪೆನ್ ಆಗಬಹುದು. ನಮ್ಮ ಕಡೆಯವರಿಗೆ ಮನೆತನದ ಹೆಸರು ಬರೆಯುವ ರೂಢಿಯಿಲ್ಲದ್ದರಿಂದ ಅಲ್ಲಿ ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರೋ ಜಾತಿಯ ಹೆಸರೋ ಮನೆತನದ ಹೆಸರಾಗಿ ಅಂಟಿಕೊಂಡಿತು: ಗೌಂಡರ್ ಎಂಬುದು ಗೋವೆಂಡರ್, ಮುದಲಿ ಎಂಬುದು ಮೂಡ್ಲಿ. ಕಡೆಗೆ ‘ಸ್ವಾಮಿ’ ಎಂಬ ಗೌರವದ ಮಾತೇ ‘ಸಾಮಿ’ ಎಂದಾಗಿ ಭಾರತೀಯರನ್ನು ಹೀಗಳೆಯುವ ಪದವಾಯಿತೆಂದು ಗಾಂಧೀಜಿಯವರು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಹಾಗಾದರೆ ಹಿಡಿಯಬೇಕಾದ ಎಳೆ ಯಾವುದು? ಅಂಕಿ. ನೇಟಾಲಿಗೆ ಬಂದ ಒಬ್ಬೊಬ್ಬರಿಗೂ, ಕೈಕೂಸಿಗೂ ಸಹ, ಒಂದು ಅಂಕಿಯನ್ನು ಕೊಟ್ಟಿದ್ದರು. ಅದು ಬದಲಾಗದು. ಮದುವೆಯಾದರೆ ದಾಖಲೆಯಲ್ಲಿ ಅದೇ ಅಂಕಿ. ಮಗು ಹುಟ್ಟಿದರೆ ತಂದೆತಾಯಿಯರ ಅಂಕಿ. ಆದ್ದರಿಂದ ದಕ್ಷಿಣ ಆಫ್ರಿಕದವರು ಹುಡುಕುವಾಗ ಹಡಗಿನಿಂದ ಮೊದಲು ಮಾಡುವುದಿಲ್ಲ. ಮನೆಯ ಟ್ರಂಕಿನಿಂದ ಮೊದಲು ಮಾಡುತ್ತಾರೆ. ಅಜ್ಜನ ಜನನಪತ್ರದಲ್ಲಿ ಮುತ್ತಜ್ಜನ ಅಂಕಿ ಸಿಕ್ಕರೆ, ಅದನ್ನು ಪಟ್ಟಿಯಲ್ಲಿ ನೋಡಿದ ಕೂಡಲೇ ಹಡಗು, ಇಸವಿ, ಜಿಲ್ಲೆ, ಹಳ್ಳಿ ಎಲ್ಲ ಒಮ್ಮೆಗೇ ಎದುರು ನಿಲ್ಲುತ್ತವೆ. ಈ ಪಟ್ಟಿಗಳನ್ನು ಡರ್ಬನ್ನಿನ ವಿದ್ವಾಂಸರು ವರ್ಷಾನುಗಟ್ಟಲೆ ಕುಳಿತು ಕಂಪ್ಯೂಟರಿಗೆ ಏರಿಸಿದ್ದಾರೆ.

ಹಳ್ಳಿ ಸಿಕ್ಕಿತೆಂದು ಹಿಗ್ಗುವಂತಿಲ್ಲ. ಜಿಲ್ಲೆಯ ಅಂಕಣದಲ್ಲಿ ‘ಮೈಸೂರು’ ಎಂದಿದ್ದರೆ ಅದು ಮೈಸೂರು ನಗರವೇ ಆಗಬೇಕಿಲ್ಲ. ಸಂಸ್ಥಾನದ ಯಾವ ಮೂಲೆಯಾದರೂ ಆಗಬಹುದು, ಕೋಲಾರವೂ ಆದೀತು. ಭಾಷೆಗೊಂದು ಅಂಕಣವಿಲ್ಲದ್ದರಿಂದ ಚಿತ್ತೂರು, ಸೇಲಂ ಎಂದು ಬರೆಸಿದವರಲ್ಲಿ ಕನ್ನಡ ಮಾತಿನವರೆಷ್ಟು ಎಂದು ಎಣಿಸುವ ದಾರಿಯೂ ಇಲ್ಲ. ಇನ್ನೊಂದು ಮಾತು. ಸ್ವಂತ ಖರ್ಚಿನಲ್ಲಿ ಹೋದ ವ್ಯಾಪಾರಿಗಳು, ವಕೀಲರು ಈ ಪಟ್ಟಿಗಳಲ್ಲಿಲ್ಲ. 1893ರಲ್ಲಿ ಡರ್ಬನ್ನಿನಲ್ಲಿ ಇಳಿದ ಗಾಂಧೀಜಿಯವರನ್ನು ಇಲ್ಲಿ ಹುಡುಕಿದರೆ ಸಿಗರು.

ಬೇರೆ ದೇಶಗಳ ದಾಖಲೆಗಳೂ ಹೀಗೆಯೇ. ಮಾರಿಷಸ್‌ನಲ್ಲಿ ಮಹಾತ್ಮಾ ಗಾಂಧಿ ಸಂಸ್ಥೆಯು ಇಂಥ ಕಡತಗಳನ್ನು ಕಾಪಾಡಿದೆ. ಅಲ್ಲಿ ಅನೇಕರ ಭಾವಚಿತ್ರಗಳೂ ಉಂಟು. ಫಿಜಿಯ ಚರಿತ್ರಕಾರ ಬ್ರಿಜ್ ಲಾಲ್ ಅವರು ಸ್ವತಃ ಕರಾರು ಕೂಲಿಯೊಬ್ಬರ ಮೊಮ್ಮಗ. 45,439 ಮಂದಿಯ ರಹದಾರಿ ಚೀಟಿಗಳನ್ನು ಒಂದೊಂದಾಗಿ ಪರಿಶೀಲಿಸಿ 1983ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಗಯಾನಾ ಮೂಲದ ಲೇಖಕಿ ಗಾಯತ್ರಾ ಬಹದೂರ್ ತಮ್ಮ ಮುತ್ತಜ್ಜಿ ಸುಜಾರಿಯಾ ಎಂಬಾಕೆಯ ಚೀಟಿಯನ್ನು ಪತ್ತೆ ಮಾಡಿದರು. ಆಕೆ 1903ರಲ್ಲಿ ಕಲ್ಕತ್ತೆಯಿಂದ ‘ಕ್ಲೈಡ್’ ಎಂಬ ಹಡಗಿನಲ್ಲಿ ಗರ್ಭಿಣಿಯಾಗಿ ಒಬ್ಬಳೇ ಹೊರಟಳು. ಮಗು ಹಡಗಿನಲ್ಲೇ ಹುಟ್ಟಿತು. ಗಂಡನೇಕೆ ಜೊತೆಯಲ್ಲಿರಲಿಲ್ಲ? ಚೀಟಿ ಅದನ್ನು ಹೇಳುವುದಿಲ್ಲ. ಹತ್ತು ವರ್ಷ ಹುಡುಕಿದರೂ ಕೆಲವು ಅಂಕಣಗಳು ಖಾಲಿಯಾಗಿಯೇ ಉಳಿಯುತ್ತವೆ.

ಇದು ಕೇವಲ ಕುತೂಹಲದ ವಿಷಯವೂ ಅಲ್ಲ. ಮಾರಿಷಸ್‌ನ ಭಾರತೀಯ ಮೂಲದವರಲ್ಲಿ 7ನೆಯ ತಲೆಮಾರಿನವರಿಗೂ ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡು ಕೊಡುವುದಾಗಿ ಭಾರತ ಸರ್ಕಾರ 2024ರಲ್ಲಿ ಪ್ರಕಟಿಸಿತು. ಆ ಹಕ್ಕನ್ನು ಕೇಳುವವನು ಹಡಗಿನಿಂದ ಇಳಿದ ಹಿರಿಯನನ್ನು ಕಾಗದದಲ್ಲಿ ತೋರಿಸಬೇಕು. ಓಡಿಹೋಗದಿರಲೆಂದು ಬರೆದ ಕಾಗದವೇ ಈಗ ಹಿಂತಿರುಗುವವನಿಗೆ ಸಾಕ್ಷಿ.

ನಮ್ಮ ಮನೆಯ ಹುಡುಕಾಟ ಮಾತ್ರ ತಲೆಕೆಳಗಾದುದು. ಅಲ್ಲಿಯವರ ಬಳಿ ಅಂಕಿಯಿದೆ, ಊರು ಬೇಕು. ನಮ್ಮ ಬಳಿ ಊರಿದೆ, ಅಂಕಿ ಇಲ್ಲ. ಹೋದವನ ಹೆಸರೋ, ನಮ್ಮ ಸೀಮೆಯಲ್ಲಿ ಊರಿಗೆ ಹತ್ತು ಜನಕ್ಕಿರುವ ಹೆಸರು. ಬರದ ವರ್ಷಗಳ ಪಟ್ಟಿಗಳಲ್ಲಿ ಅದನ್ನು ಹೋಲುವವರು ಎಷ್ಟೋ ಮಂದಿ ಸಿಕ್ಕರು. ‘ಇವರಲ್ಲಿ ನಮ್ಮವನು ಯಾರು ಅಂತ ಹೇಗೆ ಹೇಳೋದು?’ ಎಂದು ಅಜ್ಜಿಯನ್ನು ಕೇಳಿದೆ. ‘ಅವರಪ್ಪನ ಹೆಸರು ಬರೆದಿಲ್ಲವೇನೋ?’ ಎಂದರು. ಆ ಅಪ್ಪನ ಹೆಸರು ಅಜ್ಜಿಗೆ ಗೊತ್ತಿತ್ತು. ಪಿತೃಪಕ್ಷದಲ್ಲಿ ವರ್ಷವರ್ಷವೂ ಹೇಳುವ ಹೆಸರು. ಈಗ ಆ ಅಂಕಣವನ್ನು ಮೊದಲಿನಿಂದ ನೋಡುತ್ತ ಬರುತ್ತಿದ್ದೇನೆ.